ಎರಡೇ ಸಹಿ ಬಿದ್ದ ಮನವಿ: ‘ದಿ ರೂಟ್ಸ್ ಆಫ್ ಹೆವನ್’

ಆನೆಗಳನ್ನು ಉಳಿಸುವ ಕಥೆಯೆಂದು ಕೇಳಿ ‘ದಿ ರೂಟ್ಸ್ ಆಫ್ ಹೆವನ್’ ಎಂಬ ಹಳೆಯ ಹಾಲಿವುಡ್ ಚಿತ್ರ ನೋಡಲು ಕುಳಿತ ನನ್ನ ಮನಸ್ಸಿನಲ್ಲಿ ಕೊನೆಗೆ ಉಳಿದದ್ದು ಆನೆಯಲ್ಲ, ಒಂದು ಹಾಳೆ. ಫ್ರೆಂಚರ ಅಧೀನದಲ್ಲಿದ್ದ ಮಧ್ಯ ಆಫ್ರಿಕಾದಲ್ಲಿ ಮೊರೆಲ್ ಎಂಬ ಮನುಷ್ಯ ಆನೆ ಬೇಟೆಯನ್ನು ನಿಲ್ಲಿಸಬೇಕೆಂದು ಒಂದು ಮನವಿ ಬರೆದುಕೊಂಡು ಸಿಕ್ಕಸಿಕ್ಕವರ ಮುಂದೆಲ್ಲ ಹಿಡಿಯುತ್ತಾನೆ. ಅವನನ್ನು ಯಾರೂ ದ್ವೇಷಿಸುವುದಿಲ್ಲ. ತಲೆ ಕೆಟ್ಟವನೆಂದುಕೊಂಡು ಸುಮ್ಮನಾಗುತ್ತಾರೆ, ಅಷ್ಟೆ. ಕಡೆಗೆ ಬೀಳುವುದು ಎರಡೇ ಸಹಿ. ಒಂದು, ಬಾರಿನಲ್ಲಿ ಗಿರಾಕಿಗಳನ್ನು ನೋಡಿಕೊಳ್ಳುವ ಮಿನಾ ಎಂಬ ಹೆಂಗಸಿನದು. ಇನ್ನೊಂದು, ಸೈನ್ಯದಲ್ಲಿ ಮರ್ಯಾದೆ ಕಳೆದುಕೊಂಡು ಕುಡಿತಕ್ಕೆ ಬಿದ್ದ ಫೋರ್ಸೈತ್ ಎಂಬ ಬ್ರಿಟಿಷ್ ಅಧಿಕಾರಿಯದು. ಊರಿನಲ್ಲಿ ಯಾರ ಮಾತಿಗೆ ಕವಡೆ ಕಾಸಿನ ಬೆಲೆಯೂ ಇಲ್ಲವೋ ಆ ಇಬ್ಬರು ಮಾತ್ರ ಸಹಿ ಮಾಡುತ್ತಾರೆ.

ಇದು ನನಗೆ ಇಷ್ಟು ನಾಟಲು ಸ್ವಂತದ ಕಾರಣವೂ ಇದೆ. ಕೆಲವು ವರ್ಷಗಳ ಹಿಂದೆ ಫೋಂಡಾದಲ್ಲಿ ನಾವಿರುವ ವಸತಿ ಸಂಕೀರ್ಣದ ಎದುರಿನ ಎರಡು ಮಾವಿನ ಮರಗಳನ್ನು ಕಡಿಯುತ್ತಾರೆಂಬ ಸುದ್ದಿ ಬಂದಾಗ, ನಾನೂ ಹೀಗೆಯೇ ಒಂದು ಹಾಳೆ ಹಿಡಿದು ಮನೆಮನೆ ತಿರುಗಿದ್ದೆ. 42 ಮನೆಗಳಿಂದ ಸಿಕ್ಕಿದ್ದು 7 ಸಹಿ. ಬಾಗಿಲು ತೆರೆದವರಲ್ಲಿ ಮೇಲೆ ಬರೆದದ್ದನ್ನು ಓದಿದವರು ಕಡಿಮೆ. ಎಲ್ಲರ ಕಣ್ಣೂ ಮೊದಲು ಹೋಗುತ್ತಿದ್ದದ್ದು ಹಾಳೆಯ ಕೆಳಭಾಗಕ್ಕೆ, ಈಗಾಗಲೇ ಯಾರು ಯಾರು ಸಹಿ ಮಾಡಿದ್ದಾರೆಂಬ ಪಟ್ಟಿಗೆ. ಕೆಳಗೆ ಖಾಲಿಯಿರುವ ಮನವಿಗೆ ಮೊದಲ ಸಹಿ ಪಡೆಯುವುದು ಎಷ್ಟು ಕಷ್ಟವೆಂಬುದು ಈ ಚಿತ್ರದ ಕಥೆ ಬರೆದವರಿಗೆ ಚೆನ್ನಾಗಿ ಗೊತ್ತಿತ್ತು ಎಂದು ನನಗನ್ನಿಸಿತು.

ಚಿತ್ರವನ್ನು ನಾವು ನೋಡಿದ್ದು ಪರ್ವರಿಯ ಗೆಳೆಯರೊಬ್ಬರ ಮನೆಯಲ್ಲಿ. ಗೋವಾದಲ್ಲಿ ನೆಲೆಸಿರುವ ನಾವು ಕೆಲವು ಕನ್ನಡಿಗರು ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಹಳೆಯ ಚಿತ್ರವೊಂದನ್ನು ನೋಡಿ, ಊಟ ಮಾಡಿ ಎದ್ದು ಬರುವ ರೂಢಿ ಇಟ್ಟುಕೊಂಡಿದ್ದೇವೆ. ಇದರ ಬ್ಲೂರೇ ಡಿಸ್ಕನ್ನು ಅಂತರಜಾಲದ ಅಂಗಡಿಯೊಂದರಿಂದ ವಿದೇಶದಿಂದ ತರಿಸಿದೆವು. ಸುಂಕವೂ ಸೇರಿ 3,400 ರೂಪಾಯಿ ಆಯಿತು. ಮೊದಲು ಬಂದ ಡಿಸ್ಕಿನ ಪೆಟ್ಟಿಗೆ ಒಡೆದು, ಒಳಗೆ ಗೀರು ಬಿದ್ದು, ಚಿತ್ರ ನಲವತ್ತನೆಯ ನಿಮಿಷಕ್ಕೆ ನಿಂತುಬಿಟ್ಟಿತು. ಹಿಂದಿರುಗಿಸಿ ಬೇರೆಯದು ಪಡೆಯಲು ಐದು ವಾರ ಹಿಡಿಯಿತು. ಎರಡನೆಯದರಲ್ಲಿ ದೋಷವಿರಲಿಲ್ಲ. ಇಡೀ ಚಿತ್ರ ಸಿನಿಮಾಸ್ಕೋಪಿನಲ್ಲಿ ತೆಗೆದದ್ದಾದ್ದರಿಂದ ಟಿವಿಯ ಮೇಲೆ ಮತ್ತು ಕೆಳಗೆ ಕಪ್ಪು ಪಟ್ಟಿ ಬರುತ್ತದೆ. “ಅರ್ಧ ಚಿತ್ರ ಕತ್ತರಿಸಿ ಕಳಿಸಿದಾರೇನ್ರೀ?” ಎಂದು ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದವರು ಕೇಳಿದರು. ಕತ್ತರಿಸಿಲ್ಲ, ಆದರೆ ಇಷ್ಟು ಅಗಲದ ಬಯಲನ್ನು 43 ಇಂಚಿನ ಪರದೆಯಲ್ಲಿ ನೋಡುವುದು ಕಿಟಕಿಯ ಸಂದಿಯಿಂದ ಮೆರವಣಿಗೆ ನೋಡಿದಂತೆಯೇ ಸರಿ. ಸಾಧ್ಯವಾದರೆ ಪ್ರೊಜೆಕ್ಟರ್ ಹಾಕಿ ಗೋಡೆಯ ಮೇಲೆ ನೋಡುವುದು ಒಳ್ಳೆಯದು. ಕನ್ನಡವಂತೂ ಇರಲಿ, ಹಿಂದಿಯ ಉಪಶೀರ್ಷಿಕೆಯೂ ಇದರಲ್ಲಿ ಇಲ್ಲ.

1958ರಲ್ಲಿ ಬಿಡುಗಡೆಯಾದ ಈ ಚಿತ್ರದ ನಿರ್ದೇಶಕರು ಜಾನ್ ಹ್ಯೂಸ್ಟನ್, ನಿರ್ಮಾಪಕರು ಡ್ಯಾರಿಲ್ ಜಾನಕ್. ಕಥೆ ಫ್ರೆಂಚ್ ಲೇಖಕ ರೊಮೆಯ್ನ್ ಗ್ಯಾರಿಯವರ ಕಾದಂಬರಿಯದು. ಆ ಕಾದಂಬರಿಗೆ 1956ರಲ್ಲಿ ಫ್ರಾನ್ಸಿನ ಗೊಂಕೂರ್ ಪ್ರಶಸ್ತಿ ಬಂದಿತ್ತು. ಗ್ಯಾರಿ ಎರಡನೆಯ ಮಹಾಯುದ್ಧದಲ್ಲಿ ವಿಮಾನದಳದಲ್ಲಿದ್ದು ಆಫ್ರಿಕಾವನ್ನು ಕಣ್ಣಾರೆ ಕಂಡವರು. ಚಿತ್ರಕಥೆಯನ್ನು ಅವರ ಜೊತೆಗೂಡಿ ಬರೆದ ಪ್ಯಾಟ್ರಿಕ್ ಲೀ ಫರ್ಮರ್ ಅದೇ ಯುದ್ಧದಲ್ಲಿ ಕ್ರೀಟ್ ದ್ವೀಪದಲ್ಲಿ ಜರ್ಮನ್ ಸೇನಾಧಿಕಾರಿಯೊಬ್ಬನನ್ನು ಅಪಹರಿಸಿ ಗುಡ್ಡಗಳ ಮೂಲಕ ಸಾಗಿಸಿದ್ದವರು. ಹೀಗೆ ಬರವಣಿಗೆಯ ಬಲದಲ್ಲಿ ಈ ಚಿತ್ರಕ್ಕೆ ಕೊರತೆಯಿರಲಿಲ್ಲ. ಹೆಸರಿನ ಅರ್ಥ ‘ಸ್ವರ್ಗದ ಬೇರುಗಳು’ ಎಂದು ಹೇಳಿದಾಗ, ನಮ್ಮ ಹಿರಿಯರು ಗೀತೆಯ ಹದಿನೈದನೆಯ ಅಧ್ಯಾಯದ ‘ಊರ್ಧ್ವಮೂಲಮಧಃಶಾಖಂ’ ಎಂಬುದನ್ನು ನೆನಪಿಸಿಕೊಂಡರು. ಬೇರು ಮೇಲಿದ್ದು ಕೊಂಬೆ ಕೆಳಗಿರುವ ಮರವನ್ನು ಊಹಿಸಿಕೊಳ್ಳಲು ನಮಗೆ ಹೊರಗಿನವರ ಸಹಾಯ ಬೇಕಿಲ್ಲ.

ಮೊರೆಲ್ಲನಿಗೆ ಆನೆಯ ಹುಚ್ಚು ಹಿಡಿದದ್ದು ಕಾಡಿನಲ್ಲಲ್ಲ, ಜರ್ಮನರ ಸೆರೆಯಲ್ಲಿ. ಇಕ್ಕಟ್ಟಿನಲ್ಲಿ ಕೂಡಿಹಾಕಿದ್ದಾಗ ಅವನು ಕಣ್ಣು ಮುಚ್ಚಿ, ಯಾವ ಗೋಡೆಗೂ ಬೇಲಿಗೂ ಜಗ್ಗದೆ ಬಯಲಿನಲ್ಲಿ ನುಗ್ಗುವ ಆನೆಯ ಹಿಂಡನ್ನು ನೆನೆದುಕೊಂಡು ಬದುಕಿ ಉಳಿದ. ಆನೆ ನಡೆದದ್ದೇ ದಾರಿ ಎನ್ನುವ ನಮ್ಮ ಗಾದೆಯನ್ನು ಅವನು ಅಕ್ಷರಶಃ ನಂಬಿದವನು. ಮನವಿಗೆ ಬೆಲೆ ಸಿಗದಿದ್ದಾಗ ಅವನು ಬಂದೂಕು ಹಿಡಿದು ಕಾಡು ಸೇರುತ್ತಾನೆ. ಕೊಲ್ಲುವುದಕ್ಕಲ್ಲ, ಬೇಟೆಗಾರರಿಗೆ ಬುದ್ಧಿ ಕಲಿಸುವುದಕ್ಕೆ. ಅಮೆರಿಕದಿಂದ ಬೇಟೆಯ ಮೋಜಿಗೆ ಬಂದ ಟಿವಿ ವರದಿಗಾರನ ಹಿಂಭಾಗಕ್ಕೆ ಚರೆ ಹೊಡೆಯುವ ಪ್ರಸಂಗಕ್ಕೆ ನಮ್ಮ ಕೋಣೆಯಲ್ಲಿ ಎಲ್ಲರೂ ಬಾಯ್ತುಂಬ ನಕ್ಕರು. ಏಟು ತಿಂದ ಆ ವರದಿಗಾರನೇ ಮುಂದೆ ಮೊರೆಲ್ಲನ ಸುದ್ದಿಯನ್ನು ಜಗತ್ತಿಗೆಲ್ಲ ಮುಟ್ಟಿಸುತ್ತಾನೆ. ಕಾಗದಕ್ಕೆ ಸಿಗದ ಕಿವಿ ಚರೆಗೆ ಸಿಗುತ್ತದೆ. ಇಲ್ಲಿಂದ ಮುಂದಿನ ಕಥೆಯನ್ನು ನಾನು ಹೇಳುವುದಿಲ್ಲ; ಮೊರೆಲ್ಲನ ಸುತ್ತ ಒಂದು ಗುಂಪು ಕೂಡಿಕೊಳ್ಳುತ್ತದೆ ಮತ್ತು ಆ ಗುಂಪಿನಲ್ಲಿ ಎಲ್ಲರೂ ಆನೆಗಾಗಿಯೇ ಬಂದವರಲ್ಲ ಎಂದಷ್ಟೇ ಹೇಳಿದರೆ ಸಾಕು.

ಮೊರೆಲ್ ಆಗಿ ಟ್ರೆವರ್ ಹೋವರ್ಡ್ ಅವರದು ಚಿತ್ರದ ಅತ್ಯುತ್ತಮ ಕೆಲಸ. ಆದರ್ಶವಾದಿಯ ಪಾತ್ರ ಸಿಕ್ಕಿದರೆ ಬಹಳಷ್ಟು ನಟರು ಕಣ್ಣು ಅರಳಿಸಿ ದೂರ ನೋಡುತ್ತಾರೆ. ಇವರು ಹಾಗೆ ಮಾಡುವುದಿಲ್ಲ. ನಿದ್ದೆಗೆಟ್ಟ ಗುಮಾಸ್ತನಂತೆ, ದಾಖಲೆ ಸರಿಯಾಗಿಲ್ಲವೆಂದು ಮೂರನೆಯ ಸಲ ಹಿಂದಕ್ಕೆ ಕಳಿಸಿದವರ ಎದುರು ನಿಂತವನಂತೆ ಸಿಡುಕಿನಿಂದ ಮಾತಾಡುತ್ತಾರೆ. ಆ ಸಿಡುಕೇ ಪಾತ್ರವನ್ನು ನಂಬುವಂತೆ ಮಾಡುತ್ತದೆ. ಮೊದಲಿಗೆ ಈ ಪಾತ್ರಕ್ಕೆ ವಿಲಿಯಂ ಹೋಲ್ಡನ್ ಬೇಕೆಂದು ಯತ್ನಿಸಿದ್ದರಂತೆ. ಆಗದೆ ಹೋದದ್ದು ನಮ್ಮ ಪುಣ್ಯ. ಹೋವರ್ಡ್ ಅವರ ಹೆಸರು ಅಷ್ಟು ದೊಡ್ಡದಲ್ಲವೆಂದು ಪೋಸ್ಟರಿನಲ್ಲಿ ಮೊದಲ ಹೆಸರಾಗಿ ಎರಲ್ ಫ್ಲಿನ್ ಬರುತ್ತಾರೆ, ಪಾತ್ರ ಚಿಕ್ಕದಾದರೂ. ಕತ್ತಿ ಬೀಸುವ ಸುಂದರ ನಾಯಕನಾಗಿ ಹೆಸರಾಗಿದ್ದ ಫ್ಲಿನ್ ಇಲ್ಲಿ ಊದಿದ ಮುಖ, ಕೆಂಪು ಕಣ್ಣುಗಳ ಕುಡುಕ. ಅದು ಬಣ್ಣ ಹಚ್ಚಿ ತಂದದ್ದಲ್ಲ. ಚಿತ್ರ ಬಿಡುಗಡೆಯಾದ ಮರುವರ್ಷ, 1959ರ ಅಕ್ಟೋಬರಿನಲ್ಲಿ, 50ನೆಯ ವಯಸ್ಸಿಗೆ ಅವರು ತೀರಿಕೊಂಡರು. ಅದನ್ನು ತಿಳಿದು ನೋಡಿದರೆ ಫೋರ್ಸೈತ್ ಸಹಿ ಮಾಡುವ ದೃಶ್ಯ ಬೇರೆಯದೇ ಆಗಿ ಕಾಣುತ್ತದೆ.

ಮಿನಾ ಆಗಿ ನಟಿಸಿದ ಜೂಲಿಯೆಟ್ ಗ್ರೆಕೋ ಮೂಲತಃ ಪ್ಯಾರಿಸಿನ ಗಾಯಕಿ. ಯುದ್ಧಕಾಲದಲ್ಲಿ ಹದಿಹರೆಯದಲ್ಲೇ ಜೈಲು ಕಂಡವರು. ಅವರ ತಾಯಿ ಮತ್ತು ಅಕ್ಕ ನಾಜಿಗಳ ರಾವೆನ್ಸ್‌ಬ್ರುಕ್ ಶಿಬಿರದಿಂದ ಬದುಕಿ ಬಂದವರು. ಯುದ್ಧದಲ್ಲಿ ನಲುಗಿದ ಹೆಂಗಸಿನ ಪಾತ್ರಕ್ಕೆ ಇದಕ್ಕಿಂತ ಅರ್ಹರು ಸಿಗುವುದು ಕಷ್ಟವಿತ್ತು. ಆದರೆ ಚಿತ್ರಕಥೆ ಅವರಿಗೆ ಕೊಟ್ಟಿರುವ ಮಾತುಗಳು ತೀರ ತೆಳು. ಅವರು ಸುಮ್ಮನೆ ನಿಂತಾಗ ತಿಳಿಯುವುದು ಮಾತಾಡಿದಾಗ ತಿಳಿಯುವುದಿಲ್ಲ. ವರದಿಗಾರನ ಪಾತ್ರದಲ್ಲಿ ಆರ್ಸನ್ ವೆಲ್ಸ್ ಬಂದು ಹೋಗುವುದು ಕೆಲವೇ ನಿಮಿಷ. ಆ ಕೆಲವು ನಿಮಿಷ ಉಳಿದವರೆಲ್ಲ ಪಕ್ಕಕ್ಕೆ ಸರಿದು ನಿಂತಂತೆ ತೋರುತ್ತದೆ.

ಹೊರಾಂಗಣದ ಚಿತ್ರೀಕರಣ ನಡೆದದ್ದು ಇಂದಿನ ಚಾಡ್ ಮತ್ತು ಕ್ಯಾಮರೂನ್ ಭಾಗಗಳಲ್ಲಿ. ಬಿಸಿಲಿನ ಝಳ, ಮಲೇರಿಯಾ ಮತ್ತು ಭೇದಿಯಿಂದ ತಂಡವೆಲ್ಲ ಹಾಸಿಗೆ ಹಿಡಿದದ್ದು, ಛಾಯಾಗ್ರಾಹಕನ ಪಾತ್ರ ಮಾಡಿದ ಎಡ್ಡಿ ಆಲ್ಬರ್ಟ್ ಬಿಸಿಲು ಬಡಿದು ಪ್ರಜ್ಞೆ ತಪ್ಪುವ ಮಟ್ಟಕ್ಕೆ ಹೋದದ್ದು ಸಿನಿಮಾ ಇತಿಹಾಸದಲ್ಲಿ ದಾಖಲಾಗಿದೆ. ಛಾಯಾಗ್ರಹಣ ಮಾಡಿದ ಓಸ್ವಾಲ್ಡ್ ಮೋರಿಸ್ ಆ ಬಿಸಿಲನ್ನು ಪರದೆಯ ಮೇಲೆ ತಂದಿದ್ದಾರೆ: ಆಕಾಶಕ್ಕೆ ನೀಲಿಯೇ ಇಲ್ಲ, ಮಣ್ಣು ಮತ್ತು ಬೆವರು ಒಂದೇ ಬಣ್ಣ. ಆದರೆ ಪ್ಯಾರಿಸಿನ ಸ್ಟುಡಿಯೋದಲ್ಲಿ ತೆಗೆದ ಭಾಗಗಳು ಬಂದ ಕೂಡಲೇ ಆ ಝಳ ಮಾಯವಾಗುತ್ತದೆ, ಮುಖದ ಮೇಲಿನ ಬೆವರು ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ. ಮುಂದೆ ಹ್ಯೂಸ್ಟನ್ ಅವರೇ, ಚಿತ್ರ ಇನ್ನೂ ಚೆನ್ನಾಗಿ ಬರಬಹುದಿತ್ತು, ಬಾರದಿದ್ದುದಕ್ಕೆ ಬಹುಮಟ್ಟಿಗೆ ತಾವೇ ಹೊಣೆ ಎಂದು ಒಪ್ಪಿಕೊಂಡರು. ಇದೇ ಹ್ಯೂಸ್ಟನ್ 1951ರಲ್ಲಿ ಮತ್ತೊಂದು ಚಿತ್ರಕ್ಕಾಗಿ ಆಫ್ರಿಕಾಕ್ಕೆ ಹೋಗಿದ್ದಾಗ, ಚಿತ್ರೀಕರಣಕ್ಕಿಂತ ಆನೆ ಬೇಟೆಯ ಮೇಲೆಯೇ ಆಸೆ ಇಟ್ಟುಕೊಂಡಿದ್ದರು. ಆನೆ ಹೊಡೆಯಲು ಹಾತೊರೆದವರೇ ಆನೆ ಉಳಿಸುವವನ ಕಥೆ ಹೇಳಿದ್ದಾರೆ. ಚಿತ್ರದಲ್ಲಿ ಬೇಟೆಗಾರರ ಮಾತುಗಳು ಮೊರೆಲ್ಲನ ಮಾತುಗಳಿಗಿಂತ ಸಲೀಸಾಗಿ ಕೇಳಿಸುವುದು ಇದರಿಂದಲೇ ಇರಬಹುದು ಎಂಬ ಅನುಮಾನ ನನಗಿದೆ.

ಇನ್ನು ಆನೆಗಳ ವಿಷಯ. ಸಾಹಸ ಚಿತ್ರವೆಂದು ನಂಬಿ ಬಂದವರಿಗೆ ಇಲ್ಲಿ ನಿರಾಸೆ ಕಾದಿದೆ. ಎರಡು ಗಂಟೆಯ ಚಿತ್ರದಲ್ಲಿ ಆನೆಗಳು ಕಾಣುವುದು ಬಹಳ ಕಡಿಮೆ ಹೊತ್ತು. ಉಳಿದ ಸಮಯವೆಲ್ಲ ಜನ ಆನೆಯ ಬಗ್ಗೆ ಮಾತಾಡುತ್ತಾರೆ. ದಾಂಡೇಲಿಯ ಮರದ ಡಿಪೋದಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತರಾದ ಒಬ್ಬರು ಅಂದು ನಮ್ಮೊಡನೆ ಇದ್ದರು. ಹಿಂಡಿನಲ್ಲಿ ಮರಿಯ ಪಕ್ಕದ ಹೆಣ್ಣಾನೆಗೂ ಉದ್ದನೆಯ ದಂತವಿರುವುದನ್ನು ಮೊದಲು ಗಮನಿಸಿದವರು ಅವರೇ. ಏಷ್ಯಾದ ಆನೆಗಳಲ್ಲಿ ದಂತ ಸಲಗಕ್ಕೆ ಮಾತ್ರ, ಆಫ್ರಿಕಾದಲ್ಲಿ ಗಂಡು ಹೆಣ್ಣು ಎರಡಕ್ಕೂ. ಇದು ಸಣ್ಣ ವಿಷಯವಲ್ಲ: ನಮ್ಮಲ್ಲಿ ದಂತಚೋರರು ಸಲಗಗಳನ್ನು ಮಾತ್ರ ಆರಿಸಿ ಕೊಂದರು, ಅಲ್ಲಿ ಮೊಲೆಯೂಡಿಸುವ ತಾಯಾನೆಗೂ ಬಿಡುಗಡೆಯಿಲ್ಲ. 22 ತಿಂಗಳು ಹೊತ್ತು ಹೆತ್ತ ಮರಿ ತಾಯಿಲ್ಲದೆ ಉಳಿಯುವುದು ಅಪರೂಪ. ಮುಂದೆ ಆನೆಯೊಂದು ಕ್ಯಾಮೆರಾದ ಕಡೆಗೆ ನುಗ್ಗುವ ದೃಶ್ಯ ಬಂದಾಗ, ನಾವೆಲ್ಲ ಹಿಂದಕ್ಕೆ ಸರಿದು ಕುಳಿತರೆ, ಅವರು ಮಾತ್ರ ಅಲುಗಾಡದೆ, “ಕಿವಿ ನೋಡ್ರೀ, ಅಗಲ ಮಾಡಿಕೊಂಡಿದೆ. ಇದು ಹೆದರಿಸೋದು, ಅಷ್ಟೆ. ನಿಜವಾಗಿ ಬರೋ ಆನೆ ಕಿವಿ ಹಿಂದಕ್ಕೆ ಒತ್ತಿ, ಸೊಂಡಿಲು ಒಳಗೆ ಸುತ್ತಿಕೊಂಡು ಬರುತ್ತೆ” ಎಂದರು. ಆ ಮೇಲೆ ಚಿತ್ರದ ಸಂಕಲನಕಾರನಿಗಿಂತ ನಾವು ಅವರನ್ನೇ ಹೆಚ್ಚು ನಂಬಿದೆವು.

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂಬ ಮಾತು ನಮ್ಮಲ್ಲಿದೆ. ಗೋವಾದಲ್ಲಿ ಕುಳಿತು ಈ ಚಿತ್ರ ನೋಡುವಾಗ ಆ ಎರಡನೆಯ ಸಾವಿರದ ಲೆಕ್ಕ ತೀರ ಹತ್ತಿರದ್ದೆನಿಸುತ್ತದೆ. ಪೋರ್ಚುಗೀಸರ ಕಾಲದಲ್ಲಿ ಮೊಜಾಂಬಿಕ್ ಕರಾವಳಿಯಿಂದ ಹಡಗುಗಳಲ್ಲಿ ದಂತ ಪಶ್ಚಿಮ ಭಾರತದ ಬಂದರುಗಳಿಗೆ ಬರುತ್ತಿತ್ತು. ಬಳೆಗಳಿಗೆ ಹೋದದ್ದು ಒಂದಷ್ಟು, ಮೂರ್ತಿಗಳಿಗೆ ಹೋದದ್ದು ಒಂದಷ್ಟು. ಹಳೆ ಗೋವಾದ ಸಂತ ಮೋನಿಕಾ ಕಾನ್ವೆಂಟಿನಲ್ಲಿರುವ ಕ್ರೈಸ್ತ ಕಲಾ ಸಂಗ್ರಹಾಲಯದಲ್ಲಿ ದಂತದಲ್ಲಿ ಕೊರೆದ ಮೂರ್ತಿಗಳನ್ನು ಈಗಲೂ ನೋಡಬಹುದು. ಕೆಲಸ ನಾಜೂಕಾದದ್ದು, ಆದರೆ ಚಿತ್ರ ನೋಡಿದ ಮರುವಾರ ಅಲ್ಲಿಗೆ ಹೋದ ನನಗೆ, ಮೂರ್ತಿಯ ಬೆನ್ನಿನಲ್ಲಿ ದಂತದ ಸಹಜ ಬಾಗು ಹಾಗೆಯೇ ಉಳಿದಿರುವುದು ಮೊದಲ ಬಾರಿಗೆ ಕಣ್ಣಿಗೆ ಬಿತ್ತು. ಯುರೋಪು ಮತ್ತು ಅಮೆರಿಕದಲ್ಲಿ ದಂತ ಬೇಕಾಗಿದ್ದದ್ದು ಪಿಯಾನೋದ ಕೀಗಳಿಗೆ, ಚಾಕುವಿನ ಹಿಡಿಗಳಿಗೆ, ಬಾಚಣಿಗೆಗಳಿಗೆ, ಬಿಲಿಯರ್ಡ್ಸ್ ಚೆಂಡುಗಳಿಗೆ. ಚೆಂಡಿಗೆ ದಂತದ ಬದಲು ಬೇರೆ ವಸ್ತು ಹುಡುಕಹೊರಟ ಅಮೆರಿಕದ ಜಾನ್ ವೆಸ್ಲಿ ಹಯಾಟ್ ಸುಮಾರು 1870ರಲ್ಲಿ ರೂಪಿಸಿದ್ದೇ ಸೆಲ್ಯುಲಾಯ್ಡ್. ಮುಂದೆ ಸಿನಿಮಾ ರೀಲು ಹುಟ್ಟಿದ್ದು ಅದರಿಂದಲೇ. ಆ ಲೆಕ್ಕದಲ್ಲಿ ಸಿನಿಮಾ ಕಲೆ ಆನೆಗೆ ಹಳೆಯ ಸಾಲಗಾರ.

ಚಿತ್ರದ ದೊಡ್ಡ ಕೊರತೆ ಎಲ್ಲಿದೆಯೆಂದರೆ, ಆಫ್ರಿಕಾದಲ್ಲಿ ನಡೆಯುವ ಈ ಕಥೆಯಲ್ಲಿ ಆಫ್ರಿಕಾದವರ ಮುಖಗಳು ಗುಂಪಿನಲ್ಲಿಯೇ ಕಳೆದುಹೋಗುತ್ತವೆ. ಗಟ್ಟಿಯಾದ ಪಾತ್ರವೆಂದು ಹೇಳಬಹುದಾದದ್ದು ವೈತಾರಿ ಎಂಬ ಸ್ವಾತಂತ್ರ್ಯ ಹೋರಾಟಗಾರನದು. ಮೊರೆಲ್ಲನ ಹೆಸರು ಜಗತ್ತಿಗೆಲ್ಲ ತಿಳಿದಿರುವುದರಿಂದ ಅದನ್ನು ತನ್ನ ಹೋರಾಟಕ್ಕೆ ಬಳಸಿಕೊಳ್ಳಲು ಬಂದವನು. ಆ ಪಾತ್ರ ಮಾಡಿದ ಎಡ್ರಿಕ್ ಕಾನರ್ ಟ್ರಿನಿಡಾಡಿನವರು, ಗಂಭೀರ ಕಂಠದ ಗಾಯಕರು. ಚಿತ್ರ ಅವನನ್ನು ಸಂಚುಗಾರನಂತೆ ತೋರಿಸುತ್ತದೆ. ಆದರೆ ಅವನ ಕಡೆಯಿಂದ ಯೋಚಿಸಿದರೆ, ತನ್ನ ನೆಲದಲ್ಲಿ ಮನುಷ್ಯರಿಗೇ ಇಲ್ಲದ ಬಿಡುಗಡೆಯನ್ನು ಆನೆಗೆ ಕೊಡಿಸಲು ಓಡಾಡುವ ಬಿಳಿಯನನ್ನು ಅವನು ಬೇರೆ ಹೇಗೆ ನೋಡಬೇಕಿತ್ತು? ಚಿತ್ರ ತೆರೆಗೆ ಬಂದ 1958ರಲ್ಲಿಯೇ ಫ್ರೆಂಚ್ ಈಕ್ವಟೋರಿಯಲ್ ಆಫ್ರಿಕಾ ಎಂಬ ಆಡಳಿತ ಘಟಕ ಮುರಿದು ಬಿತ್ತು. 1960ರ ಆಗಸ್ಟಿನಲ್ಲಿ ಚಾಡ್ ಸ್ವತಂತ್ರವಾಯಿತು. ಗೋವಾ ಇನ್ನೂ 16 ತಿಂಗಳು ಕಾಯಬೇಕಾಗಿತ್ತು. ಕಾಲ ವೈತಾರಿಯ ಜೊತೆಗಿತ್ತು, ಚಿತ್ರ ಮಾತ್ರ ಅವನ ಜೊತೆಗಿರಲಿಲ್ಲ.

ಬೇಟೆಯನ್ನು ತಡೆಯುವ ಕಾಗದಗಳು ವಸಾಹತುಗಳನ್ನು ಆಳಿದವರ ಬಳಿ ಇರಲಿಲ್ಲವೆಂದಲ್ಲ. 1900ರ ಮೇ ತಿಂಗಳಿನಲ್ಲಿಯೇ ಬ್ರಿಟನ್, ಫ್ರಾನ್ಸ್, ಜರ್ಮನಿ, ಪೋರ್ಚುಗಲ್ ಮೊದಲಾದ ದೇಶಗಳು ಲಂಡನ್ನಿನಲ್ಲಿ ಸೇರಿ ಆಫ್ರಿಕಾದ ವನ್ಯಪ್ರಾಣಿಗಳ ರಕ್ಷಣೆಯ ಒಪ್ಪಂದಕ್ಕೆ ಸಹಿ ಹಾಕಿದ್ದವು. ಆ ಒಪ್ಪಂದ ಜಾರಿಗೇ ಬರಲಿಲ್ಲ. ಆ ಬಗೆಯ ಕಾನೂನುಗಳ ಫಲವೆಂದರೆ, ಪರವಾನಗಿ ಪಡೆದು ರೈಫಲ್ಲಿನಿಂದ ಹೊಡೆಯುವ ಬಿಳಿಯ ಬೇಟೆಗಾರನಾದ, ಈಟಿ ಹಿಡಿದ ಹಳ್ಳಿಗ ಕಳ್ಳಬೇಟೆಗಾರನಾದ. ಮೊರೆಲ್ಲನ ಸಿಟ್ಟು ಪರವಾನಗಿ ಇರುವವರ ಮೇಲೆಯೂ ತಿರುಗುತ್ತದೆ ಎಂಬುದು ಈ ಚಿತ್ರದ ಪ್ರಾಮಾಣಿಕತೆ. 1958ರ ಒಂದು ಹಾಲಿವುಡ್ ಚಿತ್ರದಿಂದ ಅಷ್ಟನ್ನು ನಾನು ನಿರೀಕ್ಷಿಸಿರಲಿಲ್ಲ. ನಮ್ಮ ಚಿತ್ರಗಳಲ್ಲಿ ಕಾಡು ಕಾಯುವವನು ಸಾಮಾನ್ಯವಾಗಿ ಖಾಕಿ ತೊಟ್ಟ ಅರಣ್ಯಾಧಿಕಾರಿ, ಕಾನೂನು ಅವನ ಬೆನ್ನಿಗಿರುತ್ತದೆ. ಇಲ್ಲಿ ಕಾನೂನು ಬೇಟೆಗಾರನ ಜೇಬಿನಲ್ಲಿದೆ.

ಹಾಗಿದ್ದರೂ ರೈತನ ಪ್ರಶ್ನೆ ಕಥೆಯ ಅಂಚಿಗೇ ನಿಂತುಬಿಡುತ್ತದೆ. ಸಕಲೇಶಪುರದಲ್ಲೋ ಕೊಡಗಿನಲ್ಲೋ ನೆಂಟರಿರುವ ಕನ್ನಡಿಗರಿಗೆ ಆನೆಯೆಂದರೆ ಬಯಲಿನಲ್ಲಿ ನುಗ್ಗುವ ಸ್ವಾತಂತ್ರ್ಯದ ಚಿತ್ರ ಮಾತ್ರವಲ್ಲ, ರಾತ್ರಿ ಕಳೆಯುವುದರೊಳಗೆ ಮಲಗಿದ ಬಾಳೆತೋಟವೂ ಹೌದು. 2023ರ ಗಣತಿಯಂತೆ ಕರ್ನಾಟಕದಲ್ಲಿರುವ ಕಾಡಾನೆಗಳು 6,395, ದೇಶದಲ್ಲಿಯೇ ಹೆಚ್ಚು. ದಾಂಡೇಲಿ ಕಡೆಯಿಂದ ಹೊರಟ ಆನೆಗಳು ಈ ಶತಮಾನದ ಆರಂಭದಿಂದ ಸಿಂಧುದುರ್ಗದ ತಿಳಾರಿ, ದೋಡಾಮಾರ್ಗದ ಕಡೆಗೆ ಬರುತ್ತಿವೆ. 2025ರ ಸೆಪ್ಟೆಂಬರಿನಲ್ಲಿ ಜನ ಓಂಕಾರ ಎಂದು ಕರೆಯುವ ಎಳೆಯ ಸಲಗವೊಂದು ಗೋವಾದ ಪೆಡಣೆ ತಾಲ್ಲೂಕಿಗೂ ಕಾಲಿಟ್ಟಿತು. ನಮ್ಮ ಗುಂಪಿನಲ್ಲಿ ಆ ಕಡೆ ತೋಟವಿರುವವರೊಬ್ಬರು ಚಿತ್ರ ಮುಗಿದ ಮೇಲೆ, “ಮೊರೆಲ್ ನಮ್ಮೂರಿಗೆ ಬಂದಿದ್ದರೆ ಸಹಿ ಮಾಡುವ ಮೊದಲು ನನ್ನ ತೆಂಗಿನ ಸಸಿಗಳ ಲೆಕ್ಕ ಕೇಳುತ್ತಿದ್ದೆ” ಎಂದರು. ಆ ಲೆಕ್ಕಕ್ಕೆ ಮೊರೆಲ್ಲನ ಹಾಳೆಯಲ್ಲಿ ಜಾಗವಿಲ್ಲ.

ಚಿತ್ರ ತೆಗೆದ ನೆಲದಲ್ಲಿ ಮುಂದೆ ಆದದ್ದು ಚಿತ್ರಕಥೆಗಿಂತ ಕ್ರೂರವಾಗಿದೆ. ಚಾಡ್ ದೇಶದ ಜಕೂಮಾ ರಾಷ್ಟ್ರೀಯ ಉದ್ಯಾನದಲ್ಲಿ 2002ರಲ್ಲಿ 4,000ಕ್ಕೂ ಹೆಚ್ಚು ಆನೆಗಳಿದ್ದವು. ಕುದುರೆ ಏರಿ, ಬಂದೂಕು ಹಿಡಿದು ಬಂದ ದಂತಚೋರರಿಂದಾಗಿ 2010ರ ಹೊತ್ತಿಗೆ ಉಳಿದದ್ದು ಸುಮಾರು 450. ದಂತದ ಅಂತರರಾಷ್ಟ್ರೀಯ ವ್ಯಾಪಾರವನ್ನು ಜಗತ್ತು ನಿಷೇಧಿಸಿದ್ದು 1989ರಲ್ಲಿ. ಕಾಗದ ಗಟ್ಟಿಯಾಗಿಯೇ ಇತ್ತು. ಜಕೂಮಾದಲ್ಲಿ ಅಳಿದುಳಿದ ಆನೆಗಳು ಭಯದಿಂದ ಒಂದೇ ಹಿಂಡಾಗಿ ಒತ್ತಿಕೊಂಡಿದ್ದವು, ಮರಿ ಹಾಕುವುದೇ ಬಹುತೇಕ ನಿಂತಿತ್ತು. ಕಾವಲು ಬಿಗಿಯಾಗಿ, ಆ ಊರಿನವರೇ ಆದ ಕಾವಲುಗಾರರು ಜೀವ ತೆತ್ತು ಕಾದ ಮೇಲೆ ಅಲ್ಲಿ ಮತ್ತೆ ಮರಿಗಳು ಕಾಣಿಸಿಕೊಂಡವು. ಮೊರೆಲ್ಲನ ಚಿತ್ರದಲ್ಲಿ ಹೆಸರು ಸಿಗದವರ ಮೊಮ್ಮಕ್ಕಳು ಈ ಕೆಲಸ ಮಾಡಿದ್ದಾರೆ.

ಕೊಳ್ಳಬೇಕೇ ಎಂದರೆ, ನನ್ನ ಉತ್ತರ: ಒಬ್ಬರೇ ಕೊಳ್ಳುವಷ್ಟು ಬೆಲೆಯದಲ್ಲ, ಹತ್ತು ಮಂದಿ ಹಂಚಿಕೊಂಡರೆ ನಷ್ಟವಿಲ್ಲ. ಮಕ್ಕಳಿಗೆ ಆನೆ ತೋರಿಸಲೆಂದು ತರಿಸಬೇಡಿ. ನಮ್ಮ ಜೊತೆಗಿದ್ದ ಹುಡುಗರಿಬ್ಬರು ಅರ್ಧಕ್ಕೇ ಎದ್ದು ಟೆರೇಸಿಗೆ ಹೋದರು. ನಡುಭಾಗದಲ್ಲಿ ಕಥೆ ಎಳೆದಾಡುತ್ತದೆ, ಅಲ್ಲಿ ಚಹಾದ ವಿರಾಮ ಕೊಡಬಹುದು. ಮಾಲ್ಕಮ್ ಆರ್ನಾಲ್ಡ್ ಅವರ ಸಂಗೀತಕ್ಕಾಗಿ ಮಾತ್ರ ಧ್ವನಿಯನ್ನು ಸ್ವಲ್ಪ ಹೆಚ್ಚಿಸಿಕೊಳ್ಳಿ. ನಾವು ಊಟ ಮುಗಿಸಿ ಏಳುವ ಮೊದಲು, ಕಪ್ಪು ಪಟ್ಟಿಯ ಬಗ್ಗೆ ಕೇಳಿದ್ದ ಹಿರಿಯರು ಆ ಸಹಿಯ ದೃಶ್ಯವನ್ನು ಇನ್ನೊಮ್ಮೆ ಹಾಕಿಸಿ ನೋಡಿದರು. ಡಿಸ್ಕ್ ಸದ್ಯ ಮಾಪುಸಾದ ಗೆಳೆಯರೊಬ್ಬರ ಬಳಿಯಿದೆ. ಮುಂದಿನ ತಿಂಗಳು ಮಡಗಾಂವಿಗೆ ಹೋಗಲಿದೆ.